ಅಪ್‌ಲೋಡ್ ಗುಂಡಿ ಒತ್ತುವ ಮೊದಲು ನಿಮ್ಮ ಕಟ್ಟಡಕ್ಕೆ ಒಂದು ಸುತ್ತು ಹಾಕಿ

"ನಮ್ಮ ಮನೆಗೆ ಮೂರು ಅಂತಸ್ತು ಎಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಸೇರಿಸಿ ವಾರವಾಯಿತು, ನಕ್ಷೆಯಲ್ಲಿ ಇನ್ನೂ ಚಪ್ಪಟೆಯಾಗಿಯೇ ಇದೆ. ಎಲ್ಲಿ ತಪ್ಪಿದೆ?" ಎಂದು ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇರುತ್ತಾರೆ. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ದೇವಸ್ಥಾನಕ್ಕೆ ಗೋಪುರ ಸೇರಿಸಿದೆ, ಈಗ ದೇವಸ್ಥಾನವೇ ಮಾಯವಾಗಿದೆ!"

ಮೊದಲನೆಯವರು ಏನೂ ತಪ್ಪು ಮಾಡಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮುಖ್ಯ ತಾಣದಲ್ಲಿ ಕಾಣುವುದು ಚಪ್ಪಟೆ ನಕ್ಷೆ. ಎತ್ತರದ ಮಾಹಿತಿ ದತ್ತಾಂಶದಲ್ಲಿ ಕುಳಿತಿರುತ್ತದೆ, ಅದನ್ನು ಎಬ್ಬಿಸಿ ನಿಲ್ಲಿಸಿ ತೋರಿಸಲು ಬೇರೆ ತಂತ್ರಾಂಶ ಬೇಕು. ಎರಡನೆಯವರದು ಮಾತ್ರ ನಿಜವಾದ ತಪ್ಪು. ಅದನ್ನು ಅಪ್‌ಲೋಡ್ ಮಾಡುವ ಮೊದಲೇ ತಮ್ಮ ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ಹಿಡಿಯಬಹುದಿತ್ತು. ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಹೊಸಬರಿಗೆ ಒಂದು ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂದರೆ 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ, ಖಾತೆ ಇರುವ ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆ. ಅದರಲ್ಲಿ ಪ್ರತಿಯೊಂದು ವಸ್ತುವಿಗೂ 'ಟ್ಯಾಗ್' ಎಂಬ ಚೀಟಿಗಳನ್ನು ಅಂಟಿಸುತ್ತೇವೆ. ಚೀಟಿಯ ಎಡಕ್ಕೆ ಗುಣದ ಹೆಸರು, ಬಲಕ್ಕೆ ಅದರ ಬೆಲೆ. 'ಹೈಟ್' ಎಡಕ್ಕೆ, '11' ಬಲಕ್ಕೆ ಇದ್ದರೆ ಕಟ್ಟಡ ಹನ್ನೊಂದು ಮೀಟರ್ ಎತ್ತರ ಎಂದರ್ಥ. ಓದಲು ಸುಲಭವಾಗಲಿ ಎಂದು ಈ ಲೇಖನದಲ್ಲಿ ಟ್ಯಾಗ್‌ಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನೀವು ಟೈಪಿಸುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಬೇಕು. ಎರಡು ಅಕ್ಷರ ಹೊಡೆದರೆ ಸಂಪಾದಕವೇ ಉಳಿದದ್ದನ್ನು ಸೂಚಿಸುತ್ತದೆ, ಆ ಸೂಚನೆಯನ್ನೇ ಆರಿಸಿಕೊಳ್ಳಿ.

ಬೇಕಾದ ಸಾಮಗ್ರಿ

ಒಂದು ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ, ಜಾವಾ ಇರುವ ಕಂಪ್ಯೂಟರ್, ಜೋಸ್ಮ್ ಎಂಬ ಸಂಪಾದಕ, ಒಎಸ್ಎಂ2ವರ್ಲ್ಡ್ ಎಂಬ ಮೂರು ಆಯಾಮದ ವೀಕ್ಷಕ. ಎರಡು ತಂತ್ರಾಂಶಗಳೂ ಉಚಿತ. ತಾಣದಲ್ಲೇ ತೆರೆದುಕೊಳ್ಳುವ ಐಡಿ ಸಂಪಾದಕ ರಸ್ತೆ, ಅಂಗಡಿ ಸೇರಿಸಲು ಸೊಗಸಾಗಿದೆ. ಆದರೆ ಅದರಲ್ಲಿ ನೀವು ಎಳೆದದ್ದು ಅಪ್‌ಲೋಡ್ ಆಗುವವರೆಗೆ ಎದ್ದು ನಿಂತು ಕಾಣುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಜೋಸ್ಮ್ ಕಲಿಯಲೇಬೇಕು. ಅದರ ಮುಖ ನೋಡಿದರೆ ಹಳೆಯ ಲೆಕ್ಕಪತ್ರದ ತಂತ್ರಾಂಶದಂತಿದೆ, ಹೆದರಬೇಡಿ. ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ.

ಹಂತ 1: ಅಳತೆ

ಕಂಪ್ಯೂಟರ್ ತೆರೆಯುವ ಮೊದಲು ಕಟ್ಟಡದ ಎದುರು ನಿಂತು ಅಂತಸ್ತುಗಳನ್ನು ಎಣಿಸಿ. ಇಲ್ಲೇ ನಮ್ಮವರು ಎಡವುವುದು. 'ಬಿಲ್ಡಿಂಗ್:ಲೆವೆಲ್ಸ್' ಎಂಬ ಟ್ಯಾಗ್ ಕೇಳುವುದು ಅಂತಸ್ತುಗಳ ಸಂಖ್ಯೆಯನ್ನು, ಮಹಡಿಗಳ ಸಂಖ್ಯೆಯನ್ನಲ್ಲ. ಕನ್ನಡದಲ್ಲಿ ನೆಲದಂತಸ್ತಿನ ಮೇಲಿರುವುದು 'ಮೊದಲನೇ ಮಹಡಿ'. ಕಟ್ಟಡ ಕಟ್ಟಿಸುವವರ ಬಾಯಲ್ಲಿ ಅದು 'ಜಿ ಪ್ಲಸ್ ಒನ್'. ಜಿ ಪ್ಲಸ್ ಟೂ ಮನೆಗೆ ಬರೆಯಬೇಕಾದದ್ದು 3. ಕೆಳಗೆ ಕಂಬಗಳ ಮೇಲೆ ನಿಲ್ಲಿಸಿದ ಸ್ಟಿಲ್ಟ್ ಪಾರ್ಕಿಂಗ್ ಇದ್ದರೆ ಅದೂ ಒಂದು ಅಂತಸ್ತೇ. ನೆಲಮಾಳಿಗೆ ಈ ಎಣಿಕೆಗೆ ಬರುವುದಿಲ್ಲ, ಇಳಿಜಾರು ಛಾವಣಿಯೊಳಗಿನ ಅಟ್ಟವೂ ಬರುವುದಿಲ್ಲ.

ಅಂತಸ್ತು ಮಾತ್ರ ಕೊಟ್ಟರೆ ವೀಕ್ಷಕಗಳು ತಾವೇ ಒಂದು ಎತ್ತರ ಊಹಿಸಿಕೊಳ್ಳುತ್ತವೆ, ಸಾಮಾನ್ಯವಾಗಿ ಅಂತಸ್ತಿಗೆ ಮೂರು ಮೀಟರ್ ಆಸುಪಾಸು. ಎಲ್ಲವೂ ಒಂದೇ ಅಂದಾಜು ಬಳಸುವುದಿಲ್ಲವಾದ್ದರಿಂದ ಸಾಧ್ಯವಾದರೆ 'ಹೈಟ್' ಅನ್ನೂ ಕೊಡಿ. ಅಳೆಯಲು ದುಬಾರಿ ಉಪಕರಣವೇನೂ ಬೇಡ. ಒಂದು ಅಂತಸ್ತಿಗೆ ಎಷ್ಟು ಮೆಟ್ಟಿಲು, ಒಂದು ಮೆಟ್ಟಿಲು ಎಷ್ಟು ಎತ್ತರ ಎಂದು ನೋಡಿ. ಇಪ್ಪತ್ತು ಮೆಟ್ಟಿಲು, ಒಂದೊಂದು 16 ಸೆಂಟಿಮೀಟರ್ ಎಂದರೆ ಅಂತಸ್ತಿಗೆ 3.2 ಮೀಟರ್, ಮೂರಕ್ಕೆ 9.6. ರಸ್ತೆಯಿಂದ ಮನೆಯ ನೆಲ ಎದ್ದಿರುವುದು ಅರ್ಧ ಮೀಟರ್, ತಾರಸಿಯ ಪ್ಯಾರಾಪೆಟ್ 0.9. ಒಟ್ಟು 11. ಒಳಗೆ ಬಿಡದ ಕಟ್ಟಡವಾದರೆ ನೆರಳನ್ನು ಹಿಡಿಯಿರಿ. ನೇರ ನಿಲ್ಲಿಸಿದ ಒಂದು ಮೀಟರ್ ಕೋಲಿನ ನೆರಳು ಒಂದೂವರೆ ಮೀಟರ್ ಇರುವ ಹೊತ್ತಿನಲ್ಲಿ, ಸಮತಟ್ಟು ನೆಲದ ಮೇಲೆ ಕಟ್ಟಡದ ನೆರಳು ಹದಿನೈದು ಮೀಟರ್ ಇದ್ದರೆ ಎತ್ತರ ಹತ್ತು.

ಎಚ್ಚರಿಕೆ: ಅಡಿಯಲ್ಲಿ ಬರೆಯಬೇಡಿ. ಮೂವತ್ತು-ನಲವತ್ತು ಸೈಟಿನ ಭಾಷೆಯಲ್ಲಿ ಬೆಳೆದವರಿಗೆ ಅಡಿಯೇ ಬೆರಳ ತುದಿಯಲ್ಲಿರುತ್ತದೆ. ಆದರೆ ಮೂಲಮಾನ ಬರೆಯದ ಸಂಖ್ಯೆಯನ್ನು ನಕ್ಷೆ ಮೀಟರ್ ಎಂದೇ ಓದುತ್ತದೆ. ನಾನೇ ಒಮ್ಮೆ ಪಕ್ಕದ ಬೀದಿಯ ಮನೆಗೆ 36 ಎಂದು ಹಾಕಿ, ಸಭ್ಯ ಮೂರಂತಸ್ತಿನ ಮನೆಯನ್ನು ನೀರಿನ ಟ್ಯಾಂಕಿಗಿಂತ ಎತ್ತರ ಮಾಡಿದ್ದೆ. ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ: ಗೂಗಲ್ ನಕ್ಷೆಯಲ್ಲಿ ನೋಡಿ ಎತ್ತರ ಅಥವಾ ಆಕಾರ ನಕಲು ಮಾಡುವಂತಿಲ್ಲ. ಅದರ ಪರವಾನಗಿ ಇದಕ್ಕೆ ಒಪ್ಪುವುದಿಲ್ಲ, ಗೊತ್ತಾದರೆ ನಿಮ್ಮ ತಿದ್ದುಪಡಿಯನ್ನೇ ತೆಗೆದುಹಾಕುತ್ತಾರೆ. ಸಂಪಾದಕದೊಳಗೆ ಸಿಗುವ ಉಪಗ್ರಹ ಚಿತ್ರಗಳು, ನಿಮ್ಮದೇ ಫೋಟೋ, ನಿಮ್ಮದೇ ಅಳತೆ ಇವು ಸಾಕು.

ಹಂತ 2: ಬಾಹ್ಯರೇಖೆ

ಜೋಸ್ಮ್‌ನಲ್ಲಿ ನಿಮ್ಮ ಬೀದಿಯಷ್ಟು ಚಿಕ್ಕ ಪ್ರದೇಶವನ್ನು ಮಾತ್ರ ಡೌನ್‌ಲೋಡ್ ಮಾಡಿಕೊಳ್ಳಿ. ಕಟ್ಟಡದ ಬಾಹ್ಯರೇಖೆ, ಅಂದರೆ ನೆಲವನ್ನು ಮುಟ್ಟುವ ಗೋಡೆಗಳ ಸುತ್ತಳತೆ, ಆಗಲೇ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಉಪಗ್ರಹ ಚಿತ್ರದ ಮೇಲೆ ಎಳೆದು 'ಬಿಲ್ಡಿಂಗ್' ಟ್ಯಾಗ್ ಕೊಡಿ. ಮೂಲೆಗಳನ್ನು ಲಂಬಕೋನಕ್ಕೆ ತರಲು ಕ್ಯೂ ಕೀಲಿ ಇದೆ. ಎತ್ತರದ ಕಟ್ಟಡಗಳು ಉಪಗ್ರಹ ಚಿತ್ರದಲ್ಲಿ ಒಂದು ಬದಿಗೆ ವಾಲಿದಂತೆ ಕಾಣುತ್ತವೆ. ಕಣ್ಣಿಗೆ ಮೊದಲು ಬೀಳುವುದು ತಾರಸಿ, ಆದರೆ ನೀವು ಹಿಡಿಯಬೇಕಾದದ್ದು ಬುಡವನ್ನು. ತಾರಸಿಯ ಮೇಲೆ ಆಕಾರ ಎಳೆದು, ಆಮೇಲೆ ಇಡೀ ಆಕಾರವನ್ನು ಬುಡಕ್ಕೆ ಸರಿಸುವುದು ಸುಲಭದ ದಾರಿ.

ಹೆಸರು, ವಿಳಾಸ, ಬಳಕೆ ಇವೆಲ್ಲ ಈ ಬಾಹ್ಯರೇಖೆಗೇ ಸೇರಬೇಕು. 'ಹೈಟ್' ಕೂಡ ಇಲ್ಲಿರಲಿ. ಅದು ಇಡೀ ಕಟ್ಟಡದ ತುತ್ತತುದಿಯ ಎತ್ತರ. ಪೆಟ್ಟಿಗೆಯಂಥ ಮನೆಯಾದರೆ ನಿಮ್ಮ ಟ್ಯಾಗ್ ಕೆಲಸ ಇಲ್ಲಿಗೆ ಮುಗಿಯಿತು, ನೇರವಾಗಿ ನಾಲ್ಕನೇ ಹಂತಕ್ಕೆ ಹೋಗಿ.

ಹಂತ 3: ಭಾಗಗಳು, ಅಂದರೆ ಕಟ್ಟಡ ಮಾಯವಾಗುವ ಜಾಗ

ಎಲ್ಲ ಕಡೆಯೂ ಒಂದೇ ಎತ್ತರವಿಲ್ಲದ ಕಟ್ಟಡವನ್ನು 'ಬಿಲ್ಡಿಂಗ್:ಪಾರ್ಟ್' ಟ್ಯಾಗ್ ಇರುವ ತುಂಡುಗಳಾಗಿ ಒಡೆಯುತ್ತೇವೆ. ಈ ಪದ್ಧತಿಗೆ 'ಸಿಂಪಲ್ 3ಡಿ ಬಿಲ್ಡಿಂಗ್ಸ್' ಎಂದು ಹೆಸರು. ಹೆಸರಿನಲ್ಲಿ ಸರಳ ಎಂದಿದೆ, ನಿಯಮ ಒಂದನ್ನು ಮರೆತರೆ ಸರಳವಲ್ಲ: ಒಳಗೆ ಒಂದೇ ಒಂದು ಭಾಗ ಇದ್ದರೂ ವೀಕ್ಷಕ ಬಾಹ್ಯರೇಖೆಯನ್ನು ಎಬ್ಬಿಸುವುದನ್ನು ಬಿಟ್ಟು ಭಾಗಗಳನ್ನಷ್ಟೇ ಎಬ್ಬಿಸುತ್ತದೆ. ಆದ್ದರಿಂದ ಭಾಗಗಳೆಲ್ಲ ಸೇರಿ ಬಾಹ್ಯರೇಖೆಯ ಪೂರ್ತಿ ಜಾಗವನ್ನು ತುಂಬಬೇಕು.

ಉದಾಹರಣೆಗೆ ಅದೇ 11 ಮೀಟರಿನ ಮನೆಯ ತಾರಸಿಯ ಮೂಲೆಯಲ್ಲಿ ಮೆಟ್ಟಿಲು ಹತ್ತಿ ಹೊರಬರುವ ಪುಟ್ಟ ಕೋಣೆ ಇದೆ ಎಂದುಕೊಳ್ಳಿ, ಮೇಸ್ತ್ರಿಗಳು ಹೆಡ್‌ರೂಮ್ ಎನ್ನುತ್ತಾರಲ್ಲ, ಅದು. ಅದರ ನೆತ್ತಿ ನೆಲದಿಂದ 12.5 ಮೀಟರ್. ಉತ್ಸಾಹದಲ್ಲಿ ಆ ಕೋಣೆಯನ್ನಷ್ಟೇ ಒಂದು ಭಾಗವಾಗಿ ಎಳೆದು, 11ರಿಂದ 12.5ರವರೆಗೆ ಎಂದು ಬರೆದಿರಿ. ಮುನ್ನೋಟದಲ್ಲಿ ಏನು ಕಾಣುತ್ತದೆ? ಮನೆ ಇರುವುದಿಲ್ಲ. ಖಾಲಿ ಸೈಟಿನ ಮೇಲೆ ಹನ್ನೊಂದು ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಡಬ್ಬಿ ತೇಲುತ್ತಿರುತ್ತದೆ. ಗೋಪುರ ಸೇರಿಸಿ ದೇವಸ್ಥಾನ ಕಳೆದುಕೊಂಡವರಿಗೂ ಆಗಿದ್ದು ಇದೇ.

ಸರಿಯಾದ ಕ್ರಮ ಹೀಗಿದೆ. ಬಾಹ್ಯರೇಖೆಯ ಬಿಂದುಗಳ ಮೇಲೆಯೇ ಇನ್ನೊಂದು ಮುಚ್ಚಿದ ಗೆರೆ ಎಳೆದು ಅದನ್ನು ಮನೆಯ ಮೈ ಎಂಬ ಭಾಗ ಮಾಡಿ: 'ಬಿಲ್ಡಿಂಗ್:ಪಾರ್ಟ್' ಯೆಸ್, 'ಬಿಲ್ಡಿಂಗ್:ಲೆವೆಲ್ಸ್' 3, 'ಹೈಟ್' 11. ಹೆಡ್‌ರೂಮಿಗೆ ಎರಡನೇ ಭಾಗ: 'ಮಿನ್_ಹೈಟ್' 11, 'ಹೈಟ್' 12.5. ಬಾಹ್ಯರೇಖೆಯ 'ಹೈಟ್' ಕೂಡ ಈಗ 12.5 ಆಗಬೇಕು.

ಈ ಎರಡು ಸಂಖ್ಯೆಗಳ ಬಗ್ಗೆ ಬರುವಷ್ಟು ಗೊಂದಲ ಬೇರಾವುದರ ಬಗ್ಗೆಯೂ ಬರುವುದಿಲ್ಲ. 'ಮಿನ್_ಹೈಟ್' ಎಂದರೆ ಭಾಗ ಶುರುವಾಗುವ ಎತ್ತರ, 'ಹೈಟ್' ಎಂದರೆ ಅದು ಮುಗಿಯುವ ಎತ್ತರ. ಎರಡನ್ನೂ ನೆಲದಿಂದಲೇ ಅಳೆಯಬೇಕು. ಹೆಡ್‌ರೂಮ್ ಒಂದೂವರೆ ಮೀಟರ್ ಮೇಲೆದ್ದಿದೆ ಎಂದು 'ಹೈಟ್'ಗೆ 1.5 ಬರೆದರೆ, ಹನ್ನೊಂದರಲ್ಲಿ ಶುರುವಾಗಿ ಒಂದೂವರೆಯಲ್ಲಿ ಮುಗಿಯುವ ವಸ್ತುವಾಗುತ್ತದೆ. ಅಂಥದ್ದನ್ನು ಯಾವ ತಂತ್ರಾಂಶವೂ ನೆಟ್ಟಗೆ ತೋರಿಸಲಾರದು.

ಭಾಗಗಳಿಗೆ 'ಬಿಲ್ಡಿಂಗ್' ಟ್ಯಾಗನ್ನಾಗಲೀ ಹೆಸರನ್ನಾಗಲೀ ಮತ್ತೆ ಕೊಡಬೇಡಿ. ಕೊಟ್ಟರೆ ಒಂದೇ ಮನೆ ನಕ್ಷೆಯಲ್ಲಿ ಮೂರು ಮನೆಯಾಗುತ್ತದೆ.

ಹಂತ 4: ಮುನ್ನೋಟ

ಅಪ್‌ಲೋಡ್ ಬಾಣವನ್ನು ಮುಟ್ಟಬೇಡಿ. ಬದಲಿಗೆ ಫೈಲ್ ಮೆನುವಿನಿಂದ ನಿಮ್ಮ ಪದರವನ್ನು, ಅಂದರೆ ಡೌನ್‌ಲೋಡ್ ಮಾಡಿ ತಿದ್ದಿದ ದತ್ತಾಂಶದ ಹಾಳೆಯನ್ನು, ಡಾಟ್ ಒಎಸ್ಎಂ ಕಡತವಾಗಿ ಕಂಪ್ಯೂಟರಿನಲ್ಲಿ ಉಳಿಸಿ. ಇಡೀ ಲೇಖನದ ಗುಟ್ಟು ಇಷ್ಟೇ. ಆ ಕಡತದಲ್ಲಿ ಸರ್ವರಿನಿಂದ ಬಂದ ಹಳೆಯ ದತ್ತಾಂಶವೂ ಇರುತ್ತದೆ, ಇನ್ನೂ ಯಾರೂ ನೋಡದ ನಿಮ್ಮ ತಿದ್ದುಪಡಿಯೂ ಇರುತ್ತದೆ. ಒಎಸ್ಎಂ2ವರ್ಲ್ಡ್ ತೆರೆದು ಆ ಕಡತವನ್ನು ಕೊಟ್ಟರೆ ಬೀದಿ ಎದ್ದು ನಿಲ್ಲುತ್ತದೆ. ಜೋಸ್ಮ್‌ನೊಳಗೇ ಮೂರು ಆಯಾಮದ ಕಿಟಕಿ ತೆರೆಯುವ ಕೆಂಡ್ಜಿ3ಡಿ ಎಂಬ ಪ್ಲಗಿನ್ ಕೂಡ ಇದೆ. ಪ್ಲಗಿನ್‌ಗಳ ಜೊತೆ ಗುದ್ದಾಡುವ ತಾಳ್ಮೆ ಇದ್ದವರು ಪ್ರಯತ್ನಿಸಬಹುದು. ನನಗೆ ಕಡತದ ದಾರಿಯೇ ಹಿತ.

ಈಗ ಕಟ್ಟಡವನ್ನು ಸುತ್ತಿ ಬನ್ನಿ. ಮೇಲಿನಿಂದ ಒಮ್ಮೆ ನೋಡಿ ತೃಪ್ತರಾಗಬೇಡಿ, ಮೇಲಿನಿಂದ ನೋಡಿದರೆ ತಪ್ಪಿರುವ ಕಟ್ಟಡವೂ ಸರಿಯಾಗಿಯೇ ಕಾಣುತ್ತದೆ. ಬೀದಿಯಲ್ಲಿ ನಿಂತವರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಭಾಗಗಳ ನಡುವೆ ಬೆಳಕು ತೂರಿ ಬರುತ್ತಿದೆಯೇ? ಹಾಗಿದ್ದರೆ ಕೆಳಗಿನ ಭಾಗದ 'ಹೈಟ್', ಮೇಲಿನ ಭಾಗದ 'ಮಿನ್_ಹೈಟ್' ಕೂಡುತ್ತಿಲ್ಲ. ಗೋಡೆಯೊಂದು ಮಿಣಮಿಣ ಮಿನುಗುತ್ತಿದೆಯೇ? ಎರಡು ಭಾಗಗಳ ಗೋಡೆಗಳು ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಿದ್ದಿವೆ. ಪಕ್ಕದ ಮನೆಗಳ ಜೊತೆ ಹೋಲಿಸಿ ನೋಡಿದಾಗ ನಿಮ್ಮದು ದೈತ್ಯನಂತಿದ್ದರೆ ಅಡಿ-ಮೀಟರ್ ಲೆಕ್ಕವನ್ನು ಇನ್ನೊಮ್ಮೆ ನೋಡಿ.

ತಪ್ಪು ಕಂಡರೆ ಜೋಸ್ಮ್‌ಗೆ ಮರಳಿ ತಿದ್ದಿ, ಉಳಿಸಿ, ವೀಕ್ಷಕದಲ್ಲಿ ಮತ್ತೆ ತೆರೆಯಿರಿ. ಉಳಿಸಲು ಮರೆತು ಹಳೆಯದನ್ನೇ ನೋಡುತ್ತ ತಲೆ ಕೆರೆದುಕೊಳ್ಳುವವರು ಬಹಳ.

ಮಡಿಕೇರಿ, ಶೃಂಗೇರಿ ಕಡೆಯವರಿಗೆ ಒಂದು ಮಾತು: ಮುನ್ನೋಟದಲ್ಲಿ ನೆಲ ಸಾಮಾನ್ಯವಾಗಿ ಕೇರಂ ಬೋರ್ಡಿನಷ್ಟು ಸಮತಟ್ಟಾಗಿರುತ್ತದೆ. ಇಳಿಜಾರಿನಲ್ಲಿರುವ ನಿಮ್ಮ ಮನೆಯ ಎತ್ತರವನ್ನು ಗೋಡೆ ನೆಲ ಮುಟ್ಟುವ ಅತಿ ತಗ್ಗಿನ ಜಾಗದಿಂದ ಅಳೆದು ಬರೆಯಿರಿ, ಮುನ್ನೋಟದಲ್ಲಿ ಮೇಲ್ಬದಿ ತುಸು ಎತ್ತರವೆನಿಸಿದರೆ ಇರಲಿ.

ಹಂತ 5: ಛಾವಣಿ

'ರೂಫ್:ಶೇಪ್' ಕೊಡದಿದ್ದರೆ ಛಾವಣಿ ಚಪ್ಪಟೆ, ಆರ್‌ಸಿಸಿ ತಾರಸಿಗೆ ಅದೇ ಸರಿ. ಎರಡು ಕಡೆ ಇಳಿಯುವ ಮಂಗಳೂರು ಹೆಂಚಿನ ಮನೆಗೆ 'ಗೇಬಲ್ಡ್', ನಾಲ್ಕೂ ಕಡೆ ಇಳಿದರೆ 'ಹಿಪ್ಡ್', ಜಗುಲಿಯ ಮೇಲೆ ಒಂದೇ ಕಡೆಗೆ ವಾಲಿದ ಶೀಟಿಗೆ 'ಸ್ಕಿಲ್ಲಿಯನ್', ಗುಮ್ಮಟಕ್ಕೆ 'ಡೋಮ್'. ಛಾವಣಿ ಎಷ್ಟು ಎತ್ತರ ಎಂಬುದು 'ರೂಫ್:ಹೈಟ್'. ಇದೊಂದನ್ನು ಮಾತ್ರ ನೆಲದಿಂದ ಅಳೆಯುವುದಿಲ್ಲ, ಗೋಡೆ ಮುಗಿದಲ್ಲಿಂದ ಮಾಡಿನ ತುದಿಯವರೆಗೆ ಅಳೆಯುತ್ತೇವೆ. ಮತ್ತು 'ಹೈಟ್' ಒಳಗೆ ಇದು ಸೇರಿಯೇ ಇರುತ್ತದೆ: ಗೋಡೆ 4, ಮಾಡು 2 ಆದರೆ 'ಹೈಟ್' 6.

ಹೆಂಚಿನ ಮನೆಯ ಮಾಡು ಅಡ್ಡಡ್ಡ ತಿರುಗಿ ನಿಂತರೆ ಗಾಬರಿ ಬೇಡ. ವೀಕ್ಷಕ ಮಾಡಿನ ನೆತ್ತಿಯ ಗೆರೆಯನ್ನು ಉದ್ದದ ಬದಿಗೆ ಸಮಾಂತರವಾಗಿ ಇಡುತ್ತದೆ. ನಿಮ್ಮದು ಹಾಗಿಲ್ಲದಿದ್ದರೆ 'ರೂಫ್:ಓರಿಯಂಟೇಶನ್'ಗೆ 'ಅಕ್ರಾಸ್' ಎಂದು ಕೊಡಿ. ಶೀಟಿನ ಛಾವಣಿಗೆ 'ರೂಫ್:ಡೈರೆಕ್ಷನ್' ಕೊಡುವಾಗ ಮಳೆನೀರು ಯಾವ ದಿಕ್ಕಿಗೆ ಹರಿದು ಬೀಳುತ್ತದೋ ಆ ದಿಕ್ಕನ್ನು ಬರೆಯಿರಿ. ಬಣ್ಣದ ಟ್ಯಾಗ್ 'ರೂಫ್:ಕಲರ್' ಬರೆಯುವಾಗ 'ಯು' ಅಕ್ಷರವಿರುವ ಬ್ರಿಟಿಷ್ ಕಾಗುಣಿತವನ್ನೇ ಬಳಸಿ. ಅಮೆರಿಕನ್ ಕಾಗುಣಿತದಲ್ಲಿ ಬರೆದು ಹೆಂಚು ಕೆಂಪಾಗಲಿಲ್ಲವೆಂದು ದೂರುವವರು ಪ್ರತಿ ಸಲವೂ ಇರುತ್ತಾರೆ.

ತೊಟ್ಟಿಮನೆ ಇರುವವರು ಮಾತ್ರ ಸ್ವಲ್ಪ ಹೆಚ್ಚು ಶ್ರಮಪಡಬೇಕು. ನಡುವೆ ತೂತಿರುವ ಆಕಾರದ ಮೇಲೆ ಇಳಿಜಾರು ಛಾವಣಿ ಕೂರಿಸಲು ಹೋದರೆ ವೀಕ್ಷಕಗಳು ತಡವರಿಸುತ್ತವೆ. ನಾಲ್ಕು ಪಡಸಾಲೆಗಳನ್ನು ನಾಲ್ಕು ಭಾಗಗಳಾಗಿ ಎಳೆದು ಒಂದೊಂದಕ್ಕೂ ಅದರದೇ ಇಳಿಜಾರು ಕೊಡಿ.

ಹಂತ 6: ದೊಡ್ಡದನ್ನು ಬಿಡಿಸಿ ನೋಡುವುದು

ಮನೆಯಲ್ಲಿ ಕೈ ಪಳಗಿದ ಮೇಲೆ ವಿಜಯಪುರದ ಗೋಳಗುಮ್ಮಟವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಅಪ್‌ಲೋಡ್ ಮಾಡಲು ಅಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ಕಟ್ಟಿ ನೋಡಲು. ಜೋಸ್ಮ್‌ನಲ್ಲಿ ಹೊಸ ಖಾಲಿ ಪದರ ತೆರೆದು ಅದರಲ್ಲೇ ಎಳೆಯಿರಿ. ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಆಕಾರ: ಒಂದು ಘನಾಕೃತಿ, ನಾಲ್ಕು ಮೂಲೆಗಳಲ್ಲಿ ಏಳಂತಸ್ತಿನ ಎಂಟು ಮೂಲೆಯ ಗೋಪುರಗಳು, ಅವುಗಳ ನೆತ್ತಿಗೆ ಪುಟ್ಟ ಗುಮ್ಮಟಗಳು, ನಡುವೆ ಆ ಮಹಾಗುಮ್ಮಟ. ನನ್ನ ಲೆಕ್ಕದಲ್ಲಿ ಹತ್ತು ಭಾಗಗಳು: ಮೈ ಒಂದು, ಗೋಪುರ ನಾಲ್ಕು, ಪುಟ್ಟ ಗುಮ್ಮಟ ನಾಲ್ಕು, ದೊಡ್ಡದು ಒಂದು.

ಹೊರಗಿನ ಬದಿ ಸುಮಾರು 47.5 ಮೀಟರ್, ಗುಮ್ಮಟದ ಹೊರ ವ್ಯಾಸ ಸುಮಾರು 44. ಎರಡು ಬಿಂದುಗಳನ್ನು 44 ಮೀಟರ್ ಅಂತರದಲ್ಲಿ ಇಟ್ಟು, ಎರಡನ್ನೂ ಆರಿಸಿ ಶಿಫ್ಟ್ ಜೊತೆ ಓ ಒತ್ತಿದರೆ ವೃತ್ತ ಮೂಡುತ್ತದೆ. ಅರ್ಧಗೋಳವೆಂದು ಹಿಡಿದರೆ 'ರೂಫ್:ಹೈಟ್' ತ್ರಿಜ್ಯದಷ್ಟೇ, ಅಂದರೆ 22.

ಇನ್ನು ಒಟ್ಟು ಎತ್ತರ. ಇಲ್ಲಿ ಮಜಾ ಇದೆ. ಒಂದು ಕಡೆ 51 ಮೀಟರ್ ಎಂದು ಓದುತ್ತೀರಿ, ಇನ್ನೊಂದು ಕಡೆ 60ರ ಹತ್ತಿರ ಎಂದು. 51 ಎಂದರೆ ಗುಮ್ಮಟದ ಕೆಳಗಿನ ಮೈ 29 ಮೀಟರ್. 60 ಎಂದರೆ 38. ಎರಡನ್ನೂ ಹಾಕಿ ಮುನ್ನೋಟ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಕಟ್ಟಡ ಅಗಲವಾಗಿ ಕುಳಿತಿರುತ್ತದೆ, ಎರಡನೆಯದರಲ್ಲಿ ಎದ್ದು ನಿಂತಿರುತ್ತದೆ. ಯಾವುದು ನಿಜ ಎಂದು ತೀರ್ಮಾನಿಸಲು ಮುಂದಿರುವ ವಸ್ತುಸಂಗ್ರಹಾಲಯದ ಕಟ್ಟಡ ಅಡ್ಡ ಬಾರದಂತೆ, ಗೋಡೆಗೆ ನೇರ ಎದುರಾಗಿ ದೂರದಿಂದ ಒಂದು ಫೋಟೋ ತೆಗೆಯಿರಿ. ಫೋಟೋದಲ್ಲಿ ಗೋಡೆಯ ಅಗಲವನ್ನೂ ಎತ್ತರವನ್ನೂ ಅಳೆದು ಅನುಪಾತ ತೆಗೆದು 47.5ರಿಂದ ಗುಣಿಸಿ. ಪುಸ್ತಕದ ಸಂಖ್ಯೆಗಿಂತ ಈ ಅನುಪಾತವನ್ನು ನಾನು ಹೆಚ್ಚು ನಂಬುತ್ತೇನೆ. ಹೀಗೆ ಪಡೆದ ಎತ್ತರವನ್ನು ಮುಂದೆಂದಾದರೂ ನಕ್ಷೆಗೆ ಹಾಕುವುದಾದರೆ ಅದು ಎಲ್ಲಿಂದ ಬಂತೆಂದು 'ಸೋರ್ಸ್:ಹೈಟ್' ಟ್ಯಾಗಿನಲ್ಲಿ ಬರೆಯಿರಿ.

ಗುಮ್ಮಟದ ಭಾಗಕ್ಕೆ ಮೂರು ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗಬೇಕು: ಮೈ 38 ಆದರೆ 'ಮಿನ್_ಹೈಟ್' 38, 'ರೂಫ್:ಹೈಟ್' 22, 'ಹೈಟ್' 60. ಮೊದಲಿನ ಎರಡರ ಮೊತ್ತ ಮೂರನೆಯದಕ್ಕಿಂತ ಕಡಿಮೆಯಾದರೆ ಗುಮ್ಮಟದ ಕೆಳಗೆ ಡಬ್ಬಿಯಂಥ ಕೊರಳು ಹುಟ್ಟಿಕೊಳ್ಳುತ್ತದೆ.

ದ್ರಾವಿಡ ಶೈಲಿಯ ಗೋಪುರಕ್ಕೂ ಇದೇ ವಿದ್ಯೆ. ಮೇಲೆ ಹೋದಂತೆ ಕಿರಿದಾಗುವ ಭಾಗಗಳನ್ನು ಒಂದರ ಮೇಲೊಂದು ಪೇರಿಸಿ. ಮುರ್ಡೇಶ್ವರದ ಇಪ್ಪತ್ತಂತಸ್ತಿನ ರಾಜಗೋಪುರದಿಂದ ಆರಂಭಿಸಬೇಡಿ, ಊರ ದೇವಸ್ಥಾನದ ಮೂರಂತಸ್ತಿನದರಿಂದ ಆರಂಭಿಸಿ.

ಹಂತ 7: ಅಪ್‌ಲೋಡ್, ಆಮೇಲೆ ಕಾಯುವುದು

ಜೋಸ್ಮ್ ಅಪ್‌ಲೋಡ್‌ಗೆ ಮೊದಲು ತಾನೇ ಒಂದು ತಪಾಸಣೆ ನಡೆಸುತ್ತದೆ. ಅದು ತೋರಿಸುವ ದೋಷಗಳನ್ನು 'ಇರಲಿ ಬಿಡಿ' ಎಂದು ದಾಟಬೇಡಿ. ಟಿಪ್ಪಣಿಯಲ್ಲಿ ಏನು ಮಾಡಿದಿರಿ, ಅಳತೆ ಹೇಗೆ ಸಿಕ್ಕಿತು ಎಂದು ಒಂದು ಸಾಲು ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

ಈಗ ಅಂತರ್ಜಾಲದ ವೀಕ್ಷಕಗಳ ಸರದಿ: ಎಫ್4 ಮ್ಯಾಪ್, ಒಎಸ್ಎಂ ಬಿಲ್ಡಿಂಗ್ಸ್, ಸ್ಟ್ರೀಟ್ಸ್ ಜಿಎಲ್. ಇವು ಬೇರೆ ಬೇರೆ ಜನ ನಡೆಸುವ ತಾಣಗಳು, ತಮ್ಮದೇ ವೇಳಾಪಟ್ಟಿಯಲ್ಲಿ ದತ್ತಾಂಶ ತರಿಸಿಕೊಳ್ಳುತ್ತವೆ. ಮುಖ್ಯ ನಕ್ಷೆ ನಿಮಿಷಗಳಲ್ಲಿ ಬದಲಾದರೂ ಇಲ್ಲಿ ದಿನಗಳೋ ವಾರಗಳೋ ಹಿಡಿಯಬಹುದು. ಮರುದಿನ ಕಾಣಲಿಲ್ಲವೆಂದು ಮತ್ತೆ ಎಳೆದು ಮತ್ತೆ ಅಪ್‌ಲೋಡ್ ಮಾಡಿದರೆ ಒಂದೇ ಜಾಗದಲ್ಲಿ ಎರಡು ಮನೆ ನಿಲ್ಲುತ್ತವೆ.

ಒಂದು ವೀಕ್ಷಕದಲ್ಲಿ ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ವಿಕಾರವಾಗಿ ಕಂಡರೆ ಮೊದಲು ನಿಮ್ಮ ಟ್ಯಾಗ್ ನೋಡಿ, ಅದು ನಿಯಮಕ್ಕೆ ತಕ್ಕಂತಿದ್ದರೆ ಅಲ್ಲಿಗೇ ಬಿಡಿ. ಆ ವೀಕ್ಷಕಕ್ಕೆ ಚೆಂದ ಕಾಣಲೆಂದು ಇಲ್ಲದ ಭಾಗವನ್ನು ಸೇರಿಸುವುದು, ಎತ್ತರವನ್ನು ಅರ್ಧ ಮೀಟರ್ ಏರಿಸುವುದು ಈ ಸಮುದಾಯದಲ್ಲಿ ಯಾರೂ ಮೆಚ್ಚದ ಕೆಲಸ. ವೀಕ್ಷಕದ ದೋಷವನ್ನು ಅದನ್ನು ನಡೆಸುವವರಿಗೆ ಬರೆದು ತಿಳಿಸಿ, ನಕ್ಷೆಯಲ್ಲಿ ಆ ಕಟ್ಟಡಕ್ಕಿರುವ ಗುರುತು ಸಂಖ್ಯೆಯ ಜೊತೆ ಒಂದು ಚಿತ್ರವನ್ನೂ ಲಗತ್ತಿಸಿ.